ಪ್ರೊಜೆಕ್ಟರ್ ಕೆಟ್ಟರೆ ಫೋನ್ ಯಾರಿಗೆ?

ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅದಕ್ಕೆ ಬೇರೆಯೇ ಉಪನಿರ್ದೇಶಕರು, ಬೇರೆಯೇ ಕಚೇರಿ. ಮಳೆ ಕಡಿಮೆ, ಊರುಗಳು ದೂರ ದೂರ, ಬಸ್ಸುಗಳು ಬೆರಳೆಣಿಕೆಯಷ್ಟು. ಪಾವಗಡವಂತೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು. ಅಲ್ಲಿನ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಶಾಲೆಗೆ ಬಂದು ಕನ್ನಡ ಕಲಿಯುತ್ತಾರೆ.

ಈ ಭಾಗದ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದಾಗ ಮುಖ್ಯ ಶಿಕ್ಷಕಿ ಬೀರುವಿನ ಬೀಗ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಪ್ರೊಜೆಕ್ಟರ್ ತೋರಿಸಿದರು. ಮೊದಲ ವರ್ಷ ಚೆನ್ನಾಗಿ ನಡೆದಿತ್ತಂತೆ. ಏಳನೇ ತರಗತಿಯವರು ಗ್ರಹಣದ ವಿಡಿಯೊ ನೋಡಿ ಮನೆಯಲ್ಲಿ ಕಿತ್ತಳೆ ಹಣ್ಣು ಹಿಡಿದು ಅಪ್ಪ ಅಮ್ಮನಿಗೆ ಪಾಠ ಮಾಡಿದ್ದರಂತೆ. ಆಮೇಲೆ ಯಂತ್ರ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಆರಿಹೋಗತೊಡಗಿತು. ಒಂದು ದಿನ ಹೊತ್ತಿಕೊಳ್ಳಲೇ ಇಲ್ಲ.

"ಯಾರಿಗೆ ಹೇಳಿದಿರಿ, ಮೇಡಂ?"

"ಸಿಆರ್‌ಪಿ ಅವರಿಗೆ ಹೇಳಿದೆ ಸರ್. ಅವರು ಬಿಆರ್‌ಸಿಗೆ ಹೇಳಿದರು. ಪೆಟ್ಟಿಗೆಯ ಮೇಲಿದ್ದ ನಂಬರಿಗೂ ಮಾಡಿದೆ. ವಾರಂಟಿ ಮುಗಿದಿದೆ, ಬೆಂಗಳೂರಿಗೆ ತನ್ನಿ ಎಂದರು."

ಸಿಆರ್‌ಪಿ ಎಂದರೆ ಸುತ್ತಲಿನ ಹಲವು ಶಾಲೆಗಳ ಸಮೂಹವನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಬಿಆರ್‌ಸಿ ಎಂದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರ. ನಾವು ಮಾತನಾಡುತ್ತಿದ್ದ ಅರ್ಧ ಗಂಟೆಯೊಳಗೆ ಅವರ ಮೊಬೈಲ್ ಎರಡು ಸಲ ಬಡಿದುಕೊಂಡಿತು. ಮೊದಲನೆಯದು, ಮೊಟ್ಟೆ ವಿತರಣೆಯ ಮಾಹಿತಿ ಇನ್ನೂ ಯಾಕೆ ನಮೂದಾಗಿಲ್ಲ ಎಂದು. ಎರಡನೆಯದು, ಇಬ್ಬರು ಮಕ್ಕಳ ಆಧಾರ್ ಹೆಸರಿಗೂ ದಾಖಲಾತಿ ವಹಿಯ ಹೆಸರಿಗೂ ತಾಳೆಯಾಗುತ್ತಿಲ್ಲ, ಇವತ್ತೇ ಸರಿಪಡಿಸಿ ಎಂದು. ಎರಡೂ ಕರೆ ತಾಲ್ಲೂಕು ಕೇಂದ್ರದವು. ಪ್ರೊಜೆಕ್ಟರ್ ಬಗ್ಗೆ ಮಾತ್ರ ಎರಡು ವರ್ಷದಲ್ಲಿ ಒಂದು ಕರೆಯೂ ಬಂದಿರಲಿಲ್ಲ.

ನಮ್ಮ ಗ್ರಾಮೀಣ ಶಾಲೆಗಳ ತಂತ್ರಜ್ಞಾನದ ಸ್ಥಿತಿ ತಿಳಿಯಬೇಕಾದರೆ ಕಂಪ್ಯೂಟರ್‌ಗಳನ್ನು ಎಣಿಸಿ ಫಲವಿಲ್ಲ. ಯಾವುದು ನಿಂತರೆ ಯಾರು ವಿಚಾರಿಸುತ್ತಾರೆ ಎಂದು ನೋಡಬೇಕು. ಮಾಹಿತಿ ಮೇಲಕ್ಕೆ ಹೋಗುವುದು ನಿಂತರೆ ಅದೇ ದಿನ ಫೋನ್ ಬರುತ್ತದೆ. ಪಾಠ ಮಕ್ಕಳ ಕಡೆಗೆ ಹೋಗುವುದು ನಿಂತರೆ ಯಾರೂ ಕೇಳುವುದಿಲ್ಲ. ಮೊದಲನೆಯದಕ್ಕೆ ಜವಾಬ್ದಾರರನ್ನು ನೇಮಿಸಿದ್ದೇವೆ, ಎರಡನೆಯದಕ್ಕೆ ಯಂತ್ರ ಕೊಂಡುಕೊಟ್ಟು ಕೈಬಿಟ್ಟಿದ್ದೇವೆ. ನನ್ನ ತಕರಾರು ಇಷ್ಟೇ, ಮುಂದೆ ಹೇಳುವುದೆಲ್ಲ ಇದರ ವಿವರ.

ಸರ್ಕಾರಕ್ಕೆ ಹಳ್ಳಿಯ ಶಾಲೆಯಲ್ಲಿ ಯಂತ್ರ ನಡೆಸಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನಪಿಸಿಕೊಳ್ಳಿ. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕೂರಿಸಿ ವೆಬ್‌ಕಾಸ್ಟಿಂಗ್ ಮಾಡಲಾಯಿತು. ಹೋಬಳಿ ಮಟ್ಟದ ಕೇಂದ್ರಗಳಲ್ಲೂ ಕರೆಂಟ್ ಬೇಕಿತ್ತು, ಇಂಟರ್‌ನೆಟ್ ಬೇಕಿತ್ತು, ಕ್ಯಾಮೆರಾ ನಿಂತರೆ ಓಡಿಬರುವವರು ಬೇಕಿತ್ತು. ಒದಗಿಸಿದರು. ಕೊಠಡಿಗೆ ಇಂಥವರು, ಕೇಂದ್ರಕ್ಕೆ ಇಂಥವರು, ಕುಳಿತು ನೋಡುವವರು ಇಂಥವರು ಎಂದು ಹೆಸರು ಹಚ್ಚಿದ್ದರು. ಅಷ್ಟು ದಿನಗಳ ಮಟ್ಟಿಗಾದರೂ ಹಳ್ಳಿಯ ಪ್ರೌಢಶಾಲೆಯ ತಂತ್ರಜ್ಞಾನಕ್ಕೆ ಒಬ್ಬ ವಾರಸುದಾರನಿದ್ದ. ಪರೀಕ್ಷೆಯಲ್ಲಿ ಮಕ್ಕಳು ನಕಲು ಮಾಡುತ್ತಾರೆಯೇ ಎಂದು ನೋಡಲು ಆಗುವ ಏರ್ಪಾಡು, ವರ್ಷವಿಡೀ ಅವರು ಕಲಿಯುತ್ತಾರೆಯೇ ಎಂದು ನೋಡಲು ಯಾಕೆ ಆಗುವುದಿಲ್ಲ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎದುರು ಉದಾಹರಣೆಯೂ ಇದೆ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮನೆ ಮನೆಗೆ ಹೋದವರು ಬಹುತೇಕ ಶಿಕ್ಷಕರೇ. ಕೈಯಲ್ಲಿ ಅವರದೇ ಮೊಬೈಲ್, ಅದರಲ್ಲೊಂದು ಆ್ಯಪ್. ಮೊದಲ ದಿನಗಳಲ್ಲಿ ಸರ್ವರ್ ತಡವರಿಸಿತು, ಒಟಿಪಿ ಬರಲಿಲ್ಲ, ಬೆಟ್ಟದ ಮಗ್ಗುಲಿನ ಊರುಗಳಲ್ಲಿ ಸಿಗ್ನಲ್ ಸಿಗಲಿಲ್ಲ. ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಹೊರಗಿನವರು ಇದನ್ನು ಶಿಕ್ಷಕರಿಗೆ ತಂತ್ರಜ್ಞಾನ ಬರುವುದಿಲ್ಲ ಎಂದು ಓದಿಕೊಂಡರು. ಕಂಡದ್ದು ಬೇರೆ. ಐವತ್ತೈದು ದಾಟಿದ ಶಿಕ್ಷಕಿಯರೂ ಒಬ್ಬರಿಗೊಬ್ಬರು ಹೇಳಿಕೊಡುತ್ತ ಆ ಆ್ಯಪ್ ಕಲಿತರು. ಕೊರತೆಯಿದ್ದದ್ದು ಅವರ ಬೆನ್ನ ಹಿಂದೆ ನಿಲ್ಲುವ ವ್ಯವಸ್ಥೆಯಲ್ಲಿ.

ಇದು ಇಂದಿನ ಕಥೆಯೂ ಅಲ್ಲ. ಈ ಶತಮಾನದ ಆರಂಭದಲ್ಲಿ ರಾಜ್ಯದ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಯೋಜನೆಯಲ್ಲಿ ಕಂಪ್ಯೂಟರ್ ಬಂದವು. ಖಾಸಗಿ ಸಂಸ್ಥೆಗಳು ಯಂತ್ರ ತಂದು ಕೂರಿಸಿದವು, ಕಲಿಸುವವರನ್ನೂ ಅವೇ ಕಳುಹಿಸಿದವು. ಒಪ್ಪಂದ ಮುಗಿದಾಗ ಕಲಿಸುವವರು ಹೊರಟುಹೋದರು. 2004ರಲ್ಲಿ ಕೇಂದ್ರದ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಯೋಜನೆ ಬಂತು. ಅದೇ ಮಾದರಿ: ಏಜೆನ್ಸಿ ಕಂಪ್ಯೂಟರ್ ಪ್ರಯೋಗಾಲಯ ಕಟ್ಟಿ, ಐದು ವರ್ಷ ನಡೆಸಿ, ಶಾಲೆಗೆ ಒಪ್ಪಿಸಿ ಹೋಗುವುದು. ಆರನೇ ವರ್ಷ ಶಾಲೆಯ ಕೈಗೆ ಬಂದದ್ದು ಐದು ವರ್ಷ ಹಳೆಯ ಯಂತ್ರಗಳು, ಸತ್ತ ಯುಪಿಎಸ್ ಬ್ಯಾಟರಿಗಳು, ಒಂದು ಬೀಗದ ಕೈ. 2016-17ರಿಂದ ಟಾಲ್ಪ್ ಎಂಬ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ ನಡೆಯಿತು. ಇದು ಹಿಂದಿನವಕ್ಕಿಂತ ಮೇಲು. ಹೊರಗಿನವರನ್ನು ನೆಚ್ಚದೆ ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಆದರೆ ತರಬೇತಿ ಪಡೆದ ಗಣಿತ ಶಿಕ್ಷಕರು ವರ್ಗಾವಣೆಯಾದರೆ ಅವರ ಜೊತೆ ಆ ವಿದ್ಯೆಯೂ ವರ್ಗಾವಣೆಯಾಯಿತು. ಜೂನ್‌ನಲ್ಲಿ ಬಂದು ವರ್ಷದ ಕೊನೆಗೆ ಹೊರಡುವ ಅತಿಥಿ ಶಿಕ್ಷಕರಂತೂ ಇಂಥ ತರಬೇತಿಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ.

ಹಣದ ಲೆಕ್ಕ ನೋಡಿದರೆ ಈ ಐದು ವರ್ಷದ ಗೋಡೆ ಸ್ಪಷ್ಟವಾಗಿ ಕಾಣುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಐಸಿಟಿ ಪ್ರಯೋಗಾಲಯಕ್ಕೆ ಒಮ್ಮೆ ಕೊಡುವ ಹಣ 6.40 ಲಕ್ಷ ರೂಪಾಯಿವರೆಗೆ. ನಂತರ ಐದು ವರ್ಷ, ವರ್ಷಕ್ಕೆ 2.40 ಲಕ್ಷದವರೆಗೆ ನಿರ್ವಹಣೆಗೆ. ಐದು ವರ್ಷಕ್ಕೆ ಒಟ್ಟು 18.40 ಲಕ್ಷ. ಕಾಗದದ ಮೇಲೆ ಇದು ಸಣ್ಣ ಮೊತ್ತವಲ್ಲ. ಆದರೆ ಯಂತ್ರಕ್ಕೆ ಸೇವೆ ಹೆಚ್ಚು ಬೇಕಾಗುವುದೇ ವಯಸ್ಸಾದ ಮೇಲೆ, ಹಣ ನಿಲ್ಲುವುದೂ ಆಗಲೇ. ದನ ಮುದಿಯಾದಾಗ ಮೇವು ನಿಲ್ಲಿಸಿದ ಹಾಗೆ. ಆಮೇಲೆ ಶಾಲೆಗೆ ಉಳಿಯುವುದು ಶಾಲಾ ಅನುದಾನ. ಮೂವತ್ತಕ್ಕಿಂತ ಹೆಚ್ಚು, ನೂರರೊಳಗೆ ಮಕ್ಕಳಿರುವ ಶಾಲೆಗೆ ಅದು ವರ್ಷಕ್ಕೆ 25,000 ರೂಪಾಯಿ. ಅದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಮೀಸಲು. ಉಳಿದ ಇಪ್ಪತ್ತೆರಡೂವರೆ ಸಾವಿರದಲ್ಲಿ ಸೀಮೆಸುಣ್ಣ, ಹಾಜರಿ ಪುಸ್ತಕ, ನಲ್ಲಿ, ಬಾಗಿಲ ಚಿಲಕ, ಸುಣ್ಣಬಣ್ಣ. ಇನ್ವರ್ಟರ್‌ನ ಒಂದು ಒಳ್ಳೆಯ ಬ್ಯಾಟರಿಯ ಬೆಲೆಯೇ ಹತ್ತು ಸಾವಿರ ದಾಟುತ್ತದೆ. ಮುಖ್ಯ ಶಿಕ್ಷಕರು ಬ್ಯಾಟರಿ ಬಿಟ್ಟು ನಲ್ಲಿ ಹಾಕಿಸಿದರೆ ಅವರನ್ನು ತಪ್ಪುಗಾರರೆನ್ನಲು ನನಗೆ ನಾಲಿಗೆ ಬರುವುದಿಲ್ಲ.

ಕರೆಂಟ್ ವಿಷಯದಲ್ಲಿ ಒಂದು ಒಳ್ಳೆಯ ಹೆಜ್ಜೆ ಬಿದ್ದಿದೆ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾಯಿತು. ಬಿಲ್ ಕಟ್ಟಲಾಗದೆ ಸಂಪರ್ಕ ಕಳೆದುಕೊಳ್ಳುವ ಭಯ ತಗ್ಗಿತು. ಆದರೆ ಬಿಲ್ ಇಲ್ಲವಾದ ಮಾತ್ರಕ್ಕೆ ಕರೆಂಟಿನ ಗುಣ ಬದಲಾಗುವುದಿಲ್ಲ. ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ, ನಿಂತ ಕ್ಷಣ ಏರುತ್ತದೆ. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ. ಬಯಲುಸೀಮೆಯ ದೂಳು ಪ್ರೊಜೆಕ್ಟರ್‌ನ ಗಾಳಿ ಜಾಲರಿಯಲ್ಲಿ ಕಟ್ಟಿಕೊಂಡರೆ ಯಂತ್ರ ಬಿಸಿಯೇರಿ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆ ಶಾಲೆಯ ಯಂತ್ರಕ್ಕೂ ಆಗಿದ್ದದ್ದು ಬಹುಶಃ ಇದೇ. ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಬ್ರಷ್‌ನಲ್ಲಿ ಉಜ್ಜಿದ್ದರೆ ಸಾಕಿತ್ತು. ಐದು ನಿಮಿಷದ ಕೆಲಸ. ಅದನ್ನು ಯಾರೂ ಆ ಶಿಕ್ಷಕಿಗೆ ಹೇಳಿರಲಿಲ್ಲ. ತರಬೇತಿಯಲ್ಲಿ ಹೇಳಿದ್ದು ಆನ್ ಮಾಡುವುದು, ಆಫ್ ಮಾಡುವುದು.

ಹೇಳಿದ್ದರೂ ಅವರು ಬಿಚ್ಚುತ್ತಿದ್ದರೇ ಎಂಬುದು ಬೇರೆ ಮಾತು. ಶಾಲೆಗೆ ಬಂದ ಪ್ರತಿ ವಸ್ತು ದಾಸ್ತಾನು ವಹಿಯಲ್ಲಿ ಏರುತ್ತದೆ. ಲೆಕ್ಕಪರಿಶೋಧನೆಯ ದಿನ ವಹಿಯಲ್ಲಿರುವುದು ಬೀರುವಿನಲ್ಲಿ ಇರಲೇಬೇಕು. ಬಿಚ್ಚಲು ಹೋಗಿ ಮುರಿದರೆ, ಕಳುವಾದರೆ, ಜವಾಬ್ದಾರಿ ಮುಖ್ಯ ಶಿಕ್ಷಕರದು. ಬಳಸಿ ಹಾಳಾದ ಯಂತ್ರಕ್ಕೆ ವಿವರಣೆ ಬರೆಯಬೇಕು, ಬಳಸದೆ ಹೊಳೆಯುತ್ತಿರುವ ಯಂತ್ರಕ್ಕೆ ಯಾರೂ ವಿವರಣೆ ಕೇಳುವುದಿಲ್ಲ. ಹೀಗಿರುವಾಗ ನಿವೃತ್ತಿಗೆ ಮೂರು ವರ್ಷ ಇರುವ ಒಬ್ಬ ಪ್ರಾಮಾಣಿಕ ಮುಖ್ಯ ಶಿಕ್ಷಕರು ಏನು ಮಾಡುತ್ತಾರೆ? ಬೀಗ ಹಾಕುತ್ತಾರೆ. ಎಲ್ಲರೂ ಬೈಯುವ 'ಬೀರುವಿನೊಳಗಿನ ಕಂಪ್ಯೂಟರ್' ಹುಟ್ಟುವುದು ಸೋಮಾರಿತನದಿಂದಲ್ಲ, ಈ ಭಯದಿಂದ. ಕೆಟ್ಟು ಹೋದದ್ದನ್ನು ವಿಲೇವಾರಿ ಮಾಡುವ ದಾರಿಯೂ ಉದ್ದ. ಹಾಗಾಗಿ ಹತ್ತು ವರ್ಷ ಹಳೆಯ ಡಬ್ಬದಂಥ ಮಾನಿಟರ್‌ಗಳು ಒಂದು ಕೊಠಡಿಯನ್ನೇ ಹಿಡಿದು ಕುಳಿತಿರುತ್ತವೆ, ಎರಡು ತರಗತಿಗಳು ಪಕ್ಕದ ಒಂದೇ ಕೊಠಡಿಯಲ್ಲಿ ಕುಳಿತಿರುತ್ತವೆ.

ಹಾಗಾದರೆ ಈಗ ಶಿಕ್ಷಕರಿಗೆ ನೆರವಾಗುತ್ತಿರುವವರು ಯಾರು? ಯಾವುದೇ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸುತ್ತಮುತ್ತ ನೋಡಿ. ಒಂದು ಜೆರಾಕ್ಸ್ ಅಂಗಡಿ ಇರುತ್ತದೆ. ಶನಿವಾರ ಮಧ್ಯಾಹ್ನ ಅಲ್ಲಿ ಶಿಕ್ಷಕರ ಸಾಲು. ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಾಣದಲ್ಲಿ ಮಗುವಿನ ವರ್ಗಾವಣೆ, ಶಾಲೆಯ ಅಂಕಿಅಂಶದ ಯುಡೈಸ್ ಪ್ಲಸ್ ನಮೂದು, ವಿದ್ಯಾರ್ಥಿವೇತನದ ಅರ್ಜಿ, ವಿದ್ಯಾರ್ಥಿಯ ಅಪಾರ್ ಗುರುತಿನ ಸಂಖ್ಯೆ, ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ. ಅಂಗಡಿಯ ಹುಡುಗನಿಗೆ ಇಲಾಖೆಯ ಪ್ರತಿ ಪೋರ್ಟಲ್ಲೂ ಗೊತ್ತು, ಯಾವ ಬಟನ್ ಒತ್ತಿದರೆ ಪುಟ ಅಲ್ಲಾಡದೆ ನಿಂತುಬಿಡುತ್ತದೆ ಎಂಬುದೂ ಗೊತ್ತು. ಹಲವು ಶಾಲೆಗಳ ಪಾಸ್‌ವರ್ಡ್ ಅವನ ನೋಟ್‌ಬುಕ್ಕಿನಲ್ಲಿದೆ. ಹಣ ಶಿಕ್ಷಕರ ಜೇಬಿನದು. ನಮ್ಮ ಶೈಕ್ಷಣಿಕ ಜಿಲ್ಲೆಯ ನಿಜವಾದ ತಾಂತ್ರಿಕ ನೆರವಿನ ಕೇಂದ್ರ ಇದೇ. ಆ ಹುಡುಗನ ಮೇಲೆ ನನಗೆ ಗೌರವವಿದೆ, ಅವನಿಲ್ಲದಿದ್ದರೆ ಎಷ್ಟೋ ಮಕ್ಕಳ ವಿದ್ಯಾರ್ಥಿವೇತನ ನಿಲ್ಲುತ್ತಿತ್ತು. ಆದರೆ ನೂರಾರು ಮಕ್ಕಳ ಜಾತಿ, ಆಧಾರ್, ಬ್ಯಾಂಕ್ ಖಾತೆಯ ವಿವರ ಯಾವ ಹೊಣೆಗಾರಿಕೆಯೂ ಇಲ್ಲದ ಜಾಗದಲ್ಲಿ ತೆರೆದುಕೊಂಡಿರುವುದು ಸಣ್ಣ ವಿಷಯವಲ್ಲ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ದೇಶದಲ್ಲಿ ಕಾಯ್ದೆಯೇ ಬಂದಿದೆ, ಮಕ್ಕಳ ಮಾಹಿತಿಗೆ ಅದರಲ್ಲಿ ವಿಶೇಷ ಎಚ್ಚರಿಕೆ ಇದೆ. ಸಮೂಹ ಮಟ್ಟದಲ್ಲಿ ಈ ನಮೂದುಗಳಿಗೆಂದೇ ಒಬ್ಬರು ಇದ್ದಿದ್ದರೆ ಶಿಕ್ಷಕರು ಆ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ.

ಅಂಗಡಿಯ ಹುಡುಗನ ಕೈಗೂ ಮೀರಿದ ಸಂಗತಿಗಳಿವೆ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಏಳೆಂಟು ವರ್ಷದ ಹಿಂದೆ ಕೊಂಡ ಬಹಳಷ್ಟು ಯಂತ್ರಗಳು ಅದರ ಮುಂದಿನ ಆವೃತ್ತಿಯನ್ನು ಒಪ್ಪುವುದಿಲ್ಲ. ಇವನ್ನು ಎಸೆಯಬೇಕೇ, ಉಬುಂಟುವಿನಂಥ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶ ಹಾಕಿ ಇನ್ನೂ ನಾಲ್ಕು ವರ್ಷ ದುಡಿಸಬೇಕೇ? ಉತ್ತರ ಸುಲಭ, ದುಡಿಸಬೇಕು. ಆದರೆ ಒಂದು ತಾಲ್ಲೂಕಿನಲ್ಲಿ ಈ ತೀರ್ಮಾನ ತೆಗೆದುಕೊಳ್ಳಲು ಅಧಿಕಾರವಿರುವವರೂ, ಶಾಲೆ ಶಾಲೆಗೆ ಹೋಗಿ ಅದನ್ನು ಹಾಕಿಕೊಡುವವರೂ ಇಲ್ಲ.

ಮುಕ್ತ ತಂತ್ರಾಂಶ ಬಳಸಿ ತೋರಿಸಿದ ಅನುಭವ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 2011ರಿಂದ ಕೆಲವು ವರ್ಷ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ' ನಡೆಯಿತು. ಮುಕ್ತ ತಂತ್ರಾಂಶದ ಮೇಲೆ ನಿಂತ ಕಾರ್ಯಕ್ರಮ ಅದು. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಕೋನ ಎಳೆದು ಕೋನ ಅಲುಗಾಡಿಸಿ ತೋರಿಸುವುದನ್ನು ಕಲಿತ ಶಿಕ್ಷಕರು ತಾವೇ ಪಾಠ ಸಾಮಗ್ರಿ ಮಾಡಿ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣಕ್ಕೆ ಸೇರಿಸಿದರು. ಒಬ್ಬರಿಗೆ ತೊಡಕು ಬಂದರೆ ಇನ್ನೊಂದು ಜಿಲ್ಲೆಯ ಶಿಕ್ಷಕರು ಉತ್ತರ ಕೊಡುತ್ತಿದ್ದರು. ಅದರಲ್ಲಿ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಯಂತ್ರವಲ್ಲ, ಕೇಳಿದರೆ ಹೇಳುವವರಿದ್ದಾರೆ ಎಂಬ ಧೈರ್ಯ.

ಇನ್ನೂ ಹಿಂದಕ್ಕೆ ಹೋದರೆ ಕಾರ್ಡುಗಳ ಮೂಲಕ ಆಡುತ್ತ ಕಲಿಸುವ ನಲಿ-ಕಲಿ ಪದ್ಧತಿ ಇದೆ. ಕೋಲಾರದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ಎಚ್.ಡಿ. ಕೋಟೆಯ ಸರ್ಕಾರಿ ಶಿಕ್ಷಕರು ಹೋಗಿ ನೋಡಿ ಬಂದು, 1995ರ ಹೊತ್ತಿಗೆ ತಮ್ಮ ಮಕ್ಕಳ ಮಾತಿಗೆ, ತಮ್ಮ ಊರಿನ ಗಿಡಮರಕ್ಕೆ ಹೊಂದಿಸಿ ಕಾರ್ಡುಗಳನ್ನು ಬರೆದರು. ಕಾರ್ಡು ಹರಿದರೆ ಇನ್ನೊಂದು ಬರೆಯಲು ಅವರಿಗೆ ಗೊತ್ತಿತ್ತು, ಏಕೆಂದರೆ ಮೊದಲನೆಯದನ್ನು ಬರೆದವರೂ ಅವರೇ. ಪಾವಗಡದ ತೆಲುಗು ಮನೆಮಾತಿನ ಮಗುವಿಗೆ ಬೇಕಾದದ್ದು ಇಂಥದೇ ಕೆಲಸ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣದಲ್ಲಿ ತೆರೆದುಕೊಳ್ಳುವ ವಿಡಿಯೊ ಇಡೀ ರಾಜ್ಯಕ್ಕೆ ಒಂದೇ. 'ವಂಕಾಯ' ಎನ್ನುವ ಮಗುವನ್ನು 'ಬದನೆಕಾಯಿ'ಗೆ ಕರೆದೊಯ್ಯುವ ಎರಡು ನಿಮಿಷದ ಧ್ವನಿಮುದ್ರಣವನ್ನು ಅಲ್ಲಿನ ಶಿಕ್ಷಕಿ ಮಾತ್ರ ಮಾಡಬಲ್ಲರು. ಅದಕ್ಕೆ ಅವರ ಫೋನ್ ಸಾಕು. ಬೇಕಿರುವುದು ಬಿಡುವು, ಮತ್ತು ಮೊದಲ ಸಲ ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬರು.

ಮೊದಲು ಶಿಕ್ಷಕರನ್ನು ನೇಮಿಸಿ, ಪ್ರೊಜೆಕ್ಟರ್ ಆಮೇಲೆ ಎಂದು ವಾದಿಸುವವರಿದ್ದಾರೆ. ಒಬ್ಬರೇ ಶಿಕ್ಷಕರಿರುವ ಶಾಲೆಯ ಮಟ್ಟಿಗೆ ಅವರ ಮಾತು ನಿಜ; ಐದು ತರಗತಿಯನ್ನು ಒಬ್ಬರೇ ಸಂಭಾಳಿಸುವಾಗ ಯಾವ ಪರದೆಯೂ ಎರಡನೇ ಶಿಕ್ಷಕರಾಗುವುದಿಲ್ಲ. ಆದರೆ ಅದೇ ಒಬ್ಬ ಶಿಕ್ಷಕರಿಂದ ಎಲ್ಲ ನಮೂದುಗಳನ್ನೂ ಕೇಳುತ್ತಿದ್ದೇವಲ್ಲ! ತಂತ್ರಜ್ಞಾನ ಅವರ ಶಾಲೆಗೆ ಈಗಾಗಲೇ ಬಂದಾಗಿದೆ, ಅವರ ಸಮಯ ತೆಗೆದುಕೊಳ್ಳುವ ರೂಪದಲ್ಲಿ. ಸಂಜೆ ಶಾಲೆ ಬಿಟ್ಟ ಮೇಲೆ ಮಧುಗಿರಿಯ ಬಸ್ಸು ಹತ್ತಿ, ಸಿಗ್ನಲ್ ಸಿಕ್ಕ ತಿರುವಿನಲ್ಲಿ ಫೋಟೊ ಅಪ್‌ಲೋಡ್ ಮಾಡುವ ಶಿಕ್ಷಕಿಯರನ್ನು ಆ ದಾರಿಯಲ್ಲಿ ಓಡಾಡುವವರೆಲ್ಲ ನೋಡಿದ್ದಾರೆ.

ಪಾವಗಡದಲ್ಲೇ ಇನ್ನೊಂದು ನೋಟವಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್. ದೂಳು ಕೂತರೆ ಪ್ಯಾನೆಲ್ ಕೊಡುವ ವಿದ್ಯುತ್ ಇಳಿಯುತ್ತದೆ. ಆದ್ದರಿಂದ ತೊಳೆಯುವುದಕ್ಕೆ, ಹುಲ್ಲು ಕೊಯ್ಯುವುದಕ್ಕೆ, ಕೆಟ್ಟದ್ದನ್ನು ಗುರುತಿಸಿ ಬದಲಿಸುವುದಕ್ಕೆ ದಿನವೂ ಜನ ಬೇಕು. ಪ್ಯಾನೆಲ್ ಕೊಂಡೆವು, ಇನ್ನು ತೊಳೆಯುವ ಖರ್ಚು ಯಾಕೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತೊಳೆಯುವ ಖರ್ಚು ವಿದ್ಯುತ್ ತಯಾರಿಸುವ ಖರ್ಚಿನೊಳಗೇ ಸೇರಿದೆ. ಅದೇ ತಾಲ್ಲೂಕಿನ ಶಾಲೆಯ ಪ್ರೊಜೆಕ್ಟರ್ ಜಾಲರಿ ಉಜ್ಜುವ ಖರ್ಚು ಯಾವ ಲೆಕ್ಕದೊಳಗೂ ಸೇರಿಲ್ಲ.

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಏನು ಬೇಕು ಎಂದು ನನ್ನನ್ನು ಕೇಳಿದರೆ, ಹೊಸ ಯಂತ್ರ ಒಂದು ವರ್ಷ ಬೇಡ ಎನ್ನುತ್ತೇನೆ. ಆ ಹಣದಲ್ಲಿ ನಾಲ್ಕು ತಾಲ್ಲೂಕಿನ ಬಿಆರ್‌ಸಿಗಳಿಗೆ ಇಬ್ಬಿಬ್ಬರು ತಂತ್ರಜ್ಞರನ್ನು ಕೊಡಿ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಸ್ಥಳೀಯ ಯುವಕ ಯುವತಿಯರು ಸಿಗುತ್ತಾರೆ, ಸಿಗದಿದ್ದರೆ ಜೆರಾಕ್ಸ್ ಅಂಗಡಿಯ ಆ ಹುಡುಗನನ್ನೇ ಕರೆಯಿರಿ. ಒಂದು ದ್ವಿಚಕ್ರ ವಾಹನ, ಒಂದು ಪೆಟ್ಟಿಗೆ: ಕೇಬಲ್, ಅಡಾಪ್ಟರ್, ಪ್ರೊಜೆಕ್ಟರ್ ದೀಪ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಮುಕ್ತ ತಂತ್ರಾಂಶದ ಪೆನ್‌ಡ್ರೈವ್. ದೂರು ಬಂದ ಎರಡು ಕೆಲಸದ ದಿನದೊಳಗೆ ಶಾಲೆಯ ಬಾಗಿಲಲ್ಲಿ ಇರಬೇಕು. ಸ್ಥಳದಲ್ಲಿ ಆಗದಿದ್ದರೆ ಬದಲಿ ಯಂತ್ರ ಬಿಟ್ಟು ಕೆಟ್ಟದ್ದನ್ನು ಒಯ್ಯಬೇಕು. ಮುಖ್ಯ ಶಿಕ್ಷಕರಿಗೆ ಸಣ್ಣ ದುರಸ್ತಿಗೆ ತಾವೇ ಖರ್ಚು ಮಾಡುವ ಅಧಿಕಾರ ಬೇಕು. ಬಳಕೆಯಿಂದ ಸವೆದ ಯಂತ್ರಕ್ಕೆ ಅವರಿಂದ ವಿವರಣೆ ಕೇಳುವುದಿಲ್ಲ ಎಂದು ಉಪನಿರ್ದೇಶಕರ ಸಹಿಯಿರುವ ಒಂದು ಸುತ್ತೋಲೆಯೂ ಬೇಕು. ಆ ಸುತ್ತೋಲೆಗೆ ಹಣವೇ ಬೇಕಿಲ್ಲ, ಆದರೆ ಬೀರುಗಳ ಬೀಗ ತೆಗೆಸುವ ಶಕ್ತಿ ಅದಕ್ಕಿದೆ.

ತರಬೇತಿಯನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಸಭಾಂಗಣದಿಂದ ಸಮೂಹ ಮಟ್ಟದ ತಿಂಗಳ ಸಮಾಲೋಚನಾ ಸಭೆಗೆ ತನ್ನಿ. ಅಲ್ಲಿ ಸುತ್ತೋಲೆ ಓದುವುದು ಅರ್ಧ ಗಂಟೆಯಲ್ಲಿ ಮುಗಿಯಲಿ. ಉಳಿದ ಹೊತ್ತು ಒಬ್ಬ ಶಿಕ್ಷಕರು ತಾವು ನಿಜವಾಗಿ ಮಾಡಿದ ಒಂದು ಪಾಠ ತೋರಿಸಲಿ, ಕೈಕೊಟ್ಟದ್ದನ್ನೂ ಹೇಳಲಿ. ಅತಿಥಿ ಶಿಕ್ಷಕರಿಗೂ ಆ ಸಭೆಯಲ್ಲಿ ಕುರ್ಚಿ ಇರಲಿ. ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿಪರ ಕಲಿಕೆ ಬೇಕು ಎನ್ನುತ್ತದೆ. ಆ ಗಂಟೆಗಳು ಫೋನಿನಲ್ಲಿ ವಿಡಿಯೊ ಓಡಿಸಿ ಪ್ರಮಾಣಪತ್ರ ಇಳಿಸಿಕೊಳ್ಳುವುದರಲ್ಲಿ ಕಳೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಇಷ್ಟಕ್ಕೂ ಒಪ್ಪಿಗೆ, ಆದೇಶ, ಟೆಂಡರ್ ಎಲ್ಲ ಬರುವವರೆಗೆ ಕಾಯಬೇಕಿಲ್ಲದ ಒಂದು ಕೆಲಸವಿದೆ. ಬಿಇಒ ಕಚೇರಿಯಲ್ಲಿ ಒಂದು ಇನ್ನೂರು ಪುಟದ ರಿಜಿಸ್ಟರ್ ಇಡಬಹುದು. ನಾಲ್ಕು ಅಂಕಣ: ಶಾಲೆಯ ಹೆಸರು, ಏನು ಕೆಟ್ಟಿದೆ, ಯಾವಾಗ ತಿಳಿಸಿದರು, ಯಾವಾಗ ಸರಿಹೋಯಿತು. ಮೊಟ್ಟೆಯ ಲೆಕ್ಕ ಕೇಳಲು ಮುಖ್ಯ ಶಿಕ್ಷಕಿಗೆ ಫೋನ್ ಮಾಡುವವರೇ, ವಾರಕ್ಕೊಮ್ಮೆ ನಾಲ್ಕನೇ ಅಂಕಣ ಖಾಲಿಯಿರುವ ಸಾಲುಗಳನ್ನು ನೋಡಿ ಅದೇ ಶಿಕ್ಷಕಿಗೆ ಇನ್ನೊಂದು ಫೋನ್ ಮಾಡಬಹುದು. ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಆ ಪ್ರೊಜೆಕ್ಟರ್ ಮೊದಲ ಪುಟದ ಮೊದಲ ಸಾಲಿಗೆ ಬರಲಿ.